ಮಾನವೀಯ ಎಂಜಿನಿಯರಿಂಗ್: ಅಂಕಪಟ್ಟಿ ಬಿಟ್ಟು ಇನ್ನೇನು ಬೇಕು?

ಪೆರ್ಲದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗೇರು ಗುಡ್ಡದ ಬುಡದಲ್ಲಿ. ಓದು ಮುಗಿದ ಮೇಲೆ ಫ್ಲಾಟ್ ಕಟ್ಟುವ ಕಂಪನಿಗೆ ಸೇರುವ ಮನಸ್ಸಿಲ್ಲ. ನೆರೆ, ಭೂಕುಸಿತ, ಕುಡಿಯುವ ನೀರು, ಅಂಗವಿಕಲರಿಗೆ ಬೇಕಾದ ಸಾಧನಗಳು, ಇಂಥ ಕಡೆ ಕೆಲಸ ಮಾಡಬೇಕೆಂಬ ಆಸೆ. ಇದಕ್ಕೆ ಮಾನವೀಯ ಎಂಜಿನಿಯರಿಂಗ್ ಎಂಬ ಹೆಸರಿದೆ ಎಂದು ಈಚೆಗೆ ತಿಳಿಯಿತು.

ನಮ್ಮ ನೆರೆಮನೆಯಲ್ಲಿ ಇಪ್ಪತ್ತನಾಲ್ಕು ವರ್ಷದ ಒಬ್ಬ ಹುಡುಗನಿದ್ದಾನೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಅವನ ಹೆಸರಿದೆ. ನಡೆಯಲು, ಮಾತನಾಡಲು ಆಗುವುದಿಲ್ಲ. ನಾಲ್ಕು ವರ್ಷಗಳ ಹಿಂದೆ ಅವನಿಗೆ ಒಂದು ಗಾಲಿಕುರ್ಚಿ ಬಂತು. ಕೊಟ್ಟವರು ಫೋಟೊ ತೆಗೆದುಕೊಂಡು ಹೋದರು. ಮನೆಯಿಂದ ರಸ್ತೆಗೆ ಮುರಕಲ್ಲಿನಲ್ಲಿ ಕಡಿದ ಇಪ್ಪತ್ತೆರಡು ಮೆಟ್ಟಿಲುಗಳಿವೆ. ಅಂಗಳದಲ್ಲಾದರೂ ಓಡಾಡಿಸೋಣವೆಂದರೆ ಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಜಲ್ಲಿಯಲ್ಲಿ ಹೂತುಹೋಗುತ್ತವೆ. ಈಗ ಅದು ಕೊಟ್ಟಿಗೆಯ ಮೂಲೆಯಲ್ಲಿದೆ, ಮೇಲೆ ಅಡಿಕೆಯ ಗೋಣಿಚೀಲ. ಅವನ ಅಮ್ಮ ಇವತ್ತಿಗೂ ಅವನನ್ನು ಸೊಂಟದ ಮೇಲೆ ಹೊತ್ತೇ ಓಡಾಡುತ್ತಾರೆ.

ಆ ಕುರ್ಚಿಯಲ್ಲಿ ತಾಂತ್ರಿಕ ದೋಷ ಏನೂ ಇಲ್ಲ. ಆದರೂ ಅದು ಸೋತಿತು. ಹಾಗಾದರೆ ಅದನ್ನು ಕೊಟ್ಟವರಲ್ಲಿ ಯಾವ ಗುಣ ಕಡಿಮೆಯಿತ್ತು? ನಾನು ಈ ಕೆಲಸಕ್ಕೆ ಹೋಗುವುದಾದರೆ ಕಾಲೇಜು ಕಲಿಸದ ಯಾವುದನ್ನು ಈಗಿನಿಂದಲೇ ಕಲಿಯಬೇಕು? ಅನುಭವ ಇರುವವರು ದಯವಿಟ್ಟು ಬರೆಯಿರಿ.

ಬದಿಯಡ್ಕ, ನೀರು ಮತ್ತು ನೈರ್ಮಲ್ಯ ವಿಭಾಗ

ತಂಗೀ, ನೀನು ಮೆಟ್ಟಿಲು ಎಣಿಸಿದ್ದೀಯ. ಅರ್ಧ ಕಲಿಕೆ ಅಲ್ಲೇ ಆಯಿತು.

ನಾನು ಹನ್ನೊಂದು ವರ್ಷಗಳಿಂದ ಪರಿಹಾರ ಶಿಬಿರಗಳಲ್ಲಿ ನೀರು, ಶೌಚಾಲಯಗಳ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಮಗೆ ಸ್ಫಿಯರ್ ಎಂಬ ಕೈಪಿಡಿ ಇದೆ. ಜಗತ್ತಿನ ಎಲ್ಲ ಕಡೆ ಶಿಬಿರ ನಡೆಸುವವರು ಒಪ್ಪಿಕೊಂಡಿರುವ ಕನಿಷ್ಠ ಪ್ರಮಾಣಗಳು ಅದರಲ್ಲಿವೆ: ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, ಒಂದು ನಲ್ಲಿಗೆ 250 ಜನ, ಮನೆಯಿಂದ ನೀರಿಗೆ 500 ಮೀಟರಿಗಿಂತ ಹೆಚ್ಚು ದೂರ ಇರಕೂಡದು, 20 ಜನಕ್ಕೆ ಒಂದು ಶೌಚಾಲಯ, ತಲೆಗೆ 3.5 ಚದರ ಮೀಟರ್ ಸೂರು. ಇವು ಬಾಯಿಪಾಠ ಬರಲೇಬೇಕು. ನನಗೂ ಬರುತ್ತಿತ್ತು. ಅದೇ ಧೈರ್ಯದಲ್ಲಿ ನನ್ನ ಎರಡನೇ ವರ್ಷದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ.

ಶಿಬಿರದಲ್ಲಿ ಸಾಲಾಗಿ ಶೌಚಾಲಯ ಕಟ್ಟಿಸಿದೆ. ಲೆಕ್ಕ ಸರಿ, ಇಳಿಜಾರು ಸರಿ, ಗುಂಡಿಯ ಆಳ ಸರಿ. ಎಲ್ಲ ಸರಿಯಿದೆ ಎಂದು ವರದಿಯನ್ನೂ ಕಳುಹಿಸಿದೆ. ಐದನೇ ದಿನ ಶಿಬಿರದ ವೈದ್ಯರು ಕರೆದು, ಹೆಂಗಸರಲ್ಲಿ ಉರಿಮೂತ್ರ ಹೆಚ್ಚುತ್ತಿದೆ, ನೀರು ಸಾಕಾಗುತ್ತಿಲ್ಲವೇ ಎಂದು ಕೇಳಿದರು. ನೀರು ಬೇಕಾದಷ್ಟು ಇತ್ತು. ಕಡೆಗೆ ಒಬ್ಬ ಅಜ್ಜಿ ಹೇಳಿದರು: ಶೌಚಾಲಯದ ಬಾಗಿಲುಗಳು ನೇರ ನಲ್ಲಿಯ ಕಡೆಗೆ ತೆರೆಯುತ್ತಿದ್ದವು. ನಲ್ಲಿಯ ಹತ್ತಿರ ದಿನವಿಡೀ ಗಂಡಸರ ಗುಂಪು. ಅವರೆದುರು ಬಾಗಿಲು ತೆರೆದು ಒಳಗೆ ಹೋಗಲು ಹೆಂಗಸರಿಗೆ ನಾಚಿಕೆ, ರಾತ್ರಿ ಹೋಗೋಣವೆಂದರೆ ದೀಪವಿಲ್ಲ. ಹಾಗಾಗಿ ಮಧ್ಯಾಹ್ನದ ಮೇಲೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಬಾಗಿಲುಗಳನ್ನು ಹಿಂದಕ್ಕೆ ತಿರುಗಿಸಲು ನಮಗೆ ಹಿಡಿದದ್ದು ಒಂದು ದಿನ. ಅದನ್ನು ತಿಳಿಯಲು ಹಿಡಿದದ್ದು ಐದು ದಿನ. ಅಷ್ಟೂ ದಿನ ಆ ಅಜ್ಜಿ ನನ್ನ ಕಣ್ಣೆದುರೇ ಓಡಾಡುತ್ತಿದ್ದರು. ನಾನು ಕೇಳಿದ್ದು ಶಿಬಿರದ ಮುಖಂಡರನ್ನು, ಅವರೆಲ್ಲ ಗಂಡಸರು. ಯಾರನ್ನು ಕೇಳಬೇಕು ಎಂಬುದು ಗೊತ್ತಿರುವುದೇ ದೊಡ್ಡ ವಿದ್ಯೆ. ಹೆಂಗಸರ ಹತ್ತಿರ ಹೆಂಗಸರೇ ಕುಳಿತು ಮಾತನಾಡಬೇಕಾದ ಸಂಗತಿಗಳಿವೆ. ನಿನ್ನಂಥವರು ಈ ಕೆಲಸಕ್ಕೆ ಬೇಕೇ ಬೇಕು ಎನ್ನುವುದಕ್ಕೆ ಅದೂ ಒಂದು ಕಾರಣ.

ಎಣ್ಮಕಜೆ, ಸುರಂಗ ಕೊರೆಯುವವರ ಮಗ

ನಾನು ಎಂಜಿನಿಯರ್ ಅಲ್ಲ, ಐಟಿಐ ಮುಗಿಸಿದವನು. ಅಪ್ಪ ಮೂವತ್ತು ವರ್ಷ ಸುರಂಗ ಕೊರೆದವರು. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ನಮ್ಮ ಸುರಂಗವೆಂದರೆ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ದಾರಿ. ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಎತ್ತರ, ಪಿಕ್ಕಾಸು ಬೀಸುವಷ್ಟು ಅಗಲ. ಒಳಗೆ ಜಿನುಗಿದ ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಪಂಪು, ಕರೆಂಟು ಯಾವುದೂ ಬೇಡ. ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿಸಿ ಅಂಗಳದ ಕೆರೆಯಲ್ಲಿ ನಿಲ್ಲಿಸುತ್ತಿದ್ದರು, ಈಗ ಪಿವಿಸಿ ಪೈಪು.

ಅಪ್ಪ ಒಳಗೆ ಹೋಗುವಾಗ ಮೇಣದ ಬತ್ತಿ ಒಯ್ಯುತ್ತಿದ್ದರು. ಬೆಳಕಿಗೆ ಮಾತ್ರ ಅಲ್ಲ. ಜ್ವಾಲೆ ಕುಗ್ಗಿದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದು ಅರ್ಥ. ಇನ್ನೊಂದು ಕೋಲಿನಷ್ಟು ಉದ್ದ ಕೊರೆದರೆ ನೀರು ಸಿಗುವಂತಿದ್ದರೂ, ಜ್ವಾಲೆ ಕುಗ್ಗಿದ ಕ್ಷಣ ಪಿಕ್ಕಾಸನ್ನು ಅಲ್ಲೇ ಬಿಟ್ಟು ಹೊರಗೆ ಬರುತ್ತಿದ್ದರು. ಮಣ್ಣು ಹೊರುತ್ತಿದ್ದ ನನ್ನ ಚಿಕ್ಕಪ್ಪನಿಗೆ ಒಮ್ಮೆ ಇದಕ್ಕಾಗಿ ಜೋರಾಗಿಯೇ ಬೈದಿದ್ದರು, ಇನ್ನೆರಡು ಬುಟ್ಟಿ ಹೊತ್ತು ಬರುತ್ತೇನೆ ಎಂದದ್ದಕ್ಕೆ. ಅಕ್ಕ, ನೀವು ಕೇಳಿದ ಗುಣಗಳಲ್ಲಿ ಇದನ್ನೂ ಸೇರಿಸಿಕೊಳ್ಳಿ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರಬೇಕು, ನಿಲ್ಲಿಸುವ ಧೈರ್ಯವೂ ಬೇಕು.

ಇನ್ನೊಂದು ನೋವಿನ ಸಂಗತಿ. ನಮ್ಮ ವಠಾರಕ್ಕೆ ಬೋರ್‌ವೆಲ್ ಜಾಗ ಗುರುತಿಸಲು ಬಂದ ಅಧಿಕಾರಿಗಳು ಗುಡ್ಡದಲ್ಲಿ ಎಷ್ಟು ಸುರಂಗಗಳಿವೆ ಎಂದು ಅಪ್ಪನನ್ನು ಕೇಳಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಬೋರ್‌ವೆಲ್ ಕೊರೆದ ಮೂರು ವರ್ಷಗಳಲ್ಲಿ ಕೆಳಗಿನ ಎರಡು ಸುರಂಗಗಳು ಬೇಸಿಗೆಯಲ್ಲಿ ಬತ್ತಿದವು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಬೋಳುಗುಡ್ಡದಲ್ಲಿ ಸುರಂಗದ ಮೇಲೆ ಸುರಂಗ ಕೊರೆದು ನೀರು ತಂದವರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬಹಳ ಸಂತೋಷ. ಅಂಥ ಕೈಗಳು ನಮ್ಮ ಕಡೆ ಇನ್ನೂ ಇವೆ. ಯೋಜನೆ ಬರೆಯುವವರು ಅವರ ಜಗಲಿಗೂ ಬರಲಿ.

ಮಂಜೇಶ್ವರ, ರಸಾಯನಶಾಸ್ತ್ರ ಅಧ್ಯಾಪಕ

ಎಲ್ಲರೂ ಜನರನ್ನು ಕೇಳಿ ಎನ್ನುತ್ತಿದ್ದೀರಿ. ಒಪ್ಪುತ್ತೇನೆ. ಆದರೆ ಕೇಳಿದರೆ ಸಾಕು ಎಂಬ ಭಾವನೆ ವಿದ್ಯಾರ್ಥಿನಿಯ ಮನಸ್ಸಿನಲ್ಲಿ ಕೂರಬಾರದು.

ಬಾಂಗ್ಲಾದೇಶದ ಕಥೆ ನೋಡಿ. ಕೆರೆ, ಹಳ್ಳದ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರು ಎಂದು 1970ರ ದಶಕದಿಂದ ಲಕ್ಷಗಟ್ಟಲೆ ಕೊಳವೆ ಬಾವಿಗಳನ್ನು ತೋಡಲಾಯಿತು. ಉದ್ದೇಶ ಒಳ್ಳೆಯದು. ನೀರು ತಿಳಿಯಾಗಿತ್ತು, ರುಚಿಯಾಗಿತ್ತು, ಜನರಿಗೆ ತುಂಬಾ ಇಷ್ಟವಾಯಿತು. ಯಾರನ್ನು ಕೇಳಿದ್ದರೂ ಇನ್ನೊಂದು ಬಾವಿ ಕೊಡಿ ಎನ್ನುತ್ತಿದ್ದರು. ಆ ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ಅಲ್ಲಿ ಪತ್ತೆಯಾದದ್ದು 1993ರಲ್ಲಿ. ಆರ್ಸೆನಿಕ್‌ಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅಂಗೈ, ಅಂಗಾಲು ಒರಟಾಗಿ ಗಂಟು ಏಳುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಅಲ್ಲಿ ಬೇಕಾಗಿದ್ದದ್ದು ಸಹಾನುಭೂತಿಯಲ್ಲ, ಒಂದು ಪರೀಕ್ಷೆ. ಜನರ ಒಪ್ಪಿಗೆ ಇದೆ, ದಾನಿಗಳ ಒತ್ತಡ ಇದೆ, ಆದರೂ ಪರೀಕ್ಷೆ ಆಗುವವರೆಗೆ ಈ ನಲ್ಲಿ ತೆರೆಯುವುದಿಲ್ಲ ಎಂದು ಹೇಳುವ ಗಟ್ಟಿತನ ಎಂಜಿನಿಯರ್‌ಗೆ ಬೇಕು. ಒಳ್ಳೆಯ ಮನಸ್ಸು ಲೆಕ್ಕಕ್ಕೆ ಬದಲಿಯಾಗುವುದಿಲ್ಲ.

ಮುಳ್ಳೇರಿಯ, ಪಾಲಿಯೇಟಿವ್ ಸ್ವಯಂಸೇವಕಿ

ಮಾಷ್ಟ್ರೇ, ನಿಮ್ಮ ಮಾತು ಸತ್ಯ. ಆದರೆ ನಮ್ಮ ಜಿಲ್ಲೆಯಲ್ಲಿ ನಡೆದದ್ದು ಅದರ ತಿರುಗುಮುರುಗು ಕಥೆ. ಅದನ್ನೂ ಹೇಳಬೇಕು.

1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿವೆ, ಜೇನು ಕಾಣೆಯಾಗಿದೆ, ಮನೆಮನೆಯಲ್ಲಿ ಮಕ್ಕಳಿಗೆ ಏನೋ ಆಗುತ್ತಿದೆ ಎಂದು ಮೊದಲು ಕಂಡವರು ಇಲ್ಲಿನ ಜನರೇ. ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದರು, ವಾಣೀನಗರದ ಡಾ. ಮೋಹನ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳ ಕಾಯಿಲೆಗಳನ್ನು ಗುರುತಿಟ್ಟುಕೊಂಡು ಎಚ್ಚರಿಸಿದರು. ಉಪಕರಣ ಇದ್ದವರು ಮಾತ್ರ ಸಾಕ್ಷ್ಯ ಎಲ್ಲಿ ಎಂದು ಕೇಳುತ್ತಾ ಕುಳಿತರು. 2011ರ ಏಪ್ರಿಲ್‌ನಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಸೇರಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆಯಿತು. ಅಷ್ಟರೊಳಗೆ ಒಂದು ತಲೆಮಾರು ಬೆಳೆದಿತ್ತು. ಬಾಂಗ್ಲಾದಲ್ಲಿ ಜನರಿಗೆ ತಿಳಿಯಲು ದಾರಿಯೇ ಇರಲಿಲ್ಲ, ಉಪಕರಣ ಹೇಳಬೇಕಿತ್ತು. ಇಲ್ಲಿ ಜನರಿಗೆ ತಿಳಿದಿತ್ತು, ಉಪಕರಣ ಹಿಡಿದವರು ಬೇಗ ಬರಲಿಲ್ಲ. ಎದುರಿಗಿರುವುದು ಇವೆರಡರಲ್ಲಿ ಯಾವುದು ಎಂದು ಗುರುತಿಸುವುದನ್ನು ಕಲಿಯಮ್ಮ. ನನಗೆ ಗೊತ್ತಿರುವಂತೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ನಾನು ಹಾಸಿಗೆ ಹಿಡಿದವರ ಆರೈಕೆಗೆ (ಪಾಲಿಯೇಟಿವ್) ವಾರಕ್ಕೆ ನಾಲ್ಕು ದಿನ ಮನೆಗಳಿಗೆ ಹೋಗುವವಳು. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಹೇಳುವುದು ಎರಡು ಮಾತು. ಮುಂದಿನ ಮಂಗಳವಾರ ಬರುತ್ತೇನೆ ಎಂದು ಹೇಳಿದ್ದರೆ ಮಂಗಳವಾರ ಬರಬೇಕು. ಬರಲಾಗದಿದ್ದರೆ ಸೋಮವಾರವೇ ಫೋನು ಮಾಡಬೇಕು. ಈ ಮನೆಗಳಿಗೆ ಬಂದು ಮತ್ತೆ ಬರುತ್ತೇವೆ ಎಂದು ಹೇಳಿಹೋದವರು ನೂರಾರು ಮಂದಿ. ಹಾಗಾಗಿ ನಿನ್ನ ಮೊದಲ ಭೇಟಿಯಲ್ಲಿ ಆ ತಾಯಿ ನಿನ್ನೊಂದಿಗೆ ಮನಸ್ಸು ಬಿಚ್ಚುವುದಿಲ್ಲ. ಮೂರನೇ ಭೇಟಿಯಲ್ಲಿ ಬಿಚ್ಚಬಹುದು.

ಎರಡನೆಯದು ಭಾಷೆಯ ಮಾತು. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯ ಮೇಲೆ ಹೊಗಳುತ್ತೇವೆ. ಆದರೆ ತುಳು ಮಾತನಾಡುವ, ಕನ್ನಡ ಮಾತ್ರ ಓದಲು ಬರುವ ಅಮ್ಮನ ಕೈಗೆ ಮಲಯಾಳದ ಅರ್ಜಿ ಬಂದಾಗ ಅವರು ಹೆಬ್ಬೆಟ್ಟು ಒತ್ತುತ್ತಾರೆ, ಏನು ಬರೆದಿದೆ ಎಂದು ತಿಳಿಯದೆಯೇ. ನಿನಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತವೆ. ಅದು ಸಣ್ಣ ಆಸ್ತಿಯಲ್ಲ. ನಾಳೆ ಒಡಿಶಾಕ್ಕೋ ಅಸ್ಸಾಮಿಗೋ ಹೋದರೂ, ಭಾಷೆ ಬಾರದವರ ಮುಖ ಹೇಗಿರುತ್ತದೆ ಎಂದು ನೀನು ಹುಟ್ಟಿದೂರಿನಲ್ಲೇ ಕಂಡಿರುತ್ತೀಯ.

ಅಕ್ಕಲಕೋಟೆಯಿಂದ

ಸೊಲ್ಲಾಪುರ ಜಿಲ್ಲೆಯ ಕನ್ನಡಿಗ ನಾನು, ಕೈಪಂಪಿನ ಮೆಕ್ಯಾನಿಕ್ಕರ ಮನೆಯಲ್ಲಿ ಬೆಳೆದವನು. ನಮ್ಮ ಕಡೆಯ ಒಂದು ವಿಷಯ ಈ ಚರ್ಚೆಗೆ ಬೇಕು.

ಹಿಂದೆ ಹಳ್ಳಿಗಳಲ್ಲಿ ಎರಕದ ಕಬ್ಬಿಣದ ಕೈಪಂಪು ಹಾಕುತ್ತಿದ್ದರು. ಅದು ಪಾಶ್ಚಾತ್ಯ ದೇಶಗಳಲ್ಲಿ ಒಂದು ಕುಟುಂಬದ ಬಳಕೆಗೆಂದು ಮಾಡಿದ ಪಂಪಿನ ನಕಲು. ನಮ್ಮಲ್ಲಿ ಅದನ್ನು ಬೆಳಗಿನ ಜಾವದಿಂದ ರಾತ್ರಿಯವರೆಗೆ ಇಡೀ ಊರೇ ಹೊಡೆಯುತ್ತಿತ್ತು. ಹಿಡಿಕೆಯ ಪಿನ್ನು ಸವೆದು, ಎರಕ ಸೀಳಿ, ತಿಂಗಳುಗಳಲ್ಲೇ ಕೆಡುತ್ತಿತ್ತು. ಸೊಲ್ಲಾಪುರದ ಮಿಷನ್ ಕಾರ್ಯಾಗಾರದಲ್ಲಿ ಉಕ್ಕಿನ ತಲೆ, ಒಂದೇ ತಿರುಗುಗೂಟ, ಹಿಡಿಕೆಗೂ ಸರಳಿಗೂ ನಡುವೆ ಸರಪಳಿ ಇರುವ ಪಂಪು ಸಿದ್ಧವಾಯಿತು. ಅದನ್ನೇ ಆಧಾರವಾಗಿಟ್ಟು ಯುನಿಸೆಫ್ ನೆರವಿನಲ್ಲಿ 1970ರ ದಶಕದ ಉತ್ತರಾರ್ಧದಲ್ಲಿ ಇಂಡಿಯಾ ಮಾರ್ಕ್ 2 ಬಂತು. ಇವತ್ತು ಆಫ್ರಿಕಾದ ಹಳ್ಳಿಗಳಲ್ಲೂ ಅದು ನಿಂತಿದೆ.

ಅದರಲ್ಲೂ ಒಂದು ಕೊರತೆ ಇತ್ತು. ಒಳಗಿನ ಚರ್ಮದ ವಾಷರ್ ಸವೆದರೆ ಪೈಪನ್ನೆಲ್ಲ ಮೇಲೆತ್ತಬೇಕು. ಮುಕ್ಕಾಲಿ, ಚೈನು, ನಾಲ್ಕೈದು ಆಳು, ತಾಲ್ಲೂಕಿನಿಂದ ಗಾಡಿ. ಗಾಡಿ ಬರುವವರೆಗೆ ಊರಿನ ಹೆಂಗಸರು ಮತ್ತೆ ಹಳ್ಳಕ್ಕೆ ಹೋಗಬೇಕು. ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿದರು. ಪೈಪು ಎತ್ತದೆಯೇ ಪಿಸ್ಟನ್ನು ಮೇಲಕ್ಕೆ ಎಳೆದು ಊರಿನವರೇ ವಾಷರ್ ಬದಲಿಸಬಹುದು. ಉತ್ತರ ಪ್ರದೇಶದ ಬಾಂದಾದಲ್ಲಿ ಓದು ಬಾರದ ಹೆಂಗಸರು ತರಬೇತಿ ಪಡೆದು ಕೈಪಂಪು ರಿಪೇರಿ ಮಾಡಿದರು.

ನಮ್ಮ ತಂದೆ ಎಲ್ಲ ಹೊಸ ಎಂಜಿನಿಯರ್‌ಗಳಿಗೂ ಕೇಳುತ್ತಿದ್ದ ಒಂದೇ ಪ್ರಶ್ನೆ: ಸಾಹೇಬರೇ, ನೀವು ಜೀಪು ಹತ್ತಿದ ಮೇಲೆ ಇದರ ಪಾನಾ (ಸ್ಪ್ಯಾನರ್) ಯಾರ ಕೈಯಲ್ಲಿ ಇರುತ್ತದೆ? ತಂಗೀ, ನಿಮ್ಮ ನೆರೆಮನೆಯ ಕುರ್ಚಿಯ ಟ್ಯೂಬು ಪಂಚರ್ ಆದರೆ ಹತ್ತಿರದಲ್ಲಿ ಎಲ್ಲಿ ಹಾಕುತ್ತಾರೆ ಎಂದು ಕೊಟ್ಟವರು ವಿಚಾರಿಸಿದ್ದರೇ?

ಕುಂಬಳೆ, ನಿವೃತ್ತ ಸೈನಿಕ

ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ನಮ್ಮ ರೆಜಿಮೆಂಟಿನವರು 190 ಅಡಿ ಉದ್ದದ ಬೈಲಿ ಸೇತುವೆಯನ್ನು (ಉಕ್ಕಿನ ಬಿಡಿ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಸೇತುವೆ) ಆಗಸ್ಟ್ 1ರ ಸಂಜೆಗೆ ಮುಗಿಸಿದರು. 24 ಟನ್ ಹೊರುವ ಸೇತುವೆ. ಅದನ್ನು ಕಟ್ಟಿದ ತಂಡದ ಮೇಜರ್ ಸೀತಾ ಶೆಲ್ಕೆಯವರ ಚಿತ್ರ ನೀವೆಲ್ಲ ನೋಡಿದ್ದೀರಿ.

ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕಿಲೊ ತೂಕ. ಅಷ್ಟೇ ತೂಕ ಏಕೆ? ಆರು ಜನ ಹೊರಲು ಸಾಧ್ಯವಾಗುವ ತೂಕ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಅದನ್ನು ರೂಪಿಸಿದಾಗ ಕ್ರೇನ್ ಇಲ್ಲದ ಜಾಗದಲ್ಲೂ ಮನುಷ್ಯರ ಹೆಗಲ ಮೇಲೆ ಹೋಗುವಂತೆ ಮಾಡಿದರು. ವಿನ್ಯಾಸ ಮಾಡುವಾಗಲೇ ಹೊರುವವನನ್ನು ನೆನೆಯುವುದು ಎಂದರೆ ಇದು. ಮಗೂ, ನಿನಗೆ ನನ್ನ ಸಲಹೆ: ಒಂದು ರಜೆಯಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಮಾಡು. ಸಿಮೆಂಟ್ ಚೀಲ ಹೊರು, ಕಾಂಕ್ರೀಟ್ ಕಲಸು, ಸರಳು ಕಟ್ಟು. ಅಂಗೈಯಲ್ಲಿ ಬೊಬ್ಬೆ ಬಂದ ಮೇಲೆ ಬರೆಯುವ ನಕ್ಷೆ ಬೇರೆಯೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಸಿಕ್ಕಿದ ಒಂದು ಗಂಟೆಯಲ್ಲಿ ನಿದ್ರೆ ಮಾಡುವುದನ್ನೂ ಅಭ್ಯಾಸ ಮಾಡಿಕೊ. ಮೂರು ರಾತ್ರಿ ನಿದ್ರೆಗೆಟ್ಟವನ ತೀರ್ಮಾನದಿಂದ ಜನ ಸಾಯುತ್ತಾರೆ.

ಉಪ್ಪಳದ ಒಬ್ಬ ತಂದೆ

ಮಗಳು ಹೀಗೇ ಹೇಳುತ್ತಿದ್ದಾಳೆ. ಇದರಲ್ಲಿ ಸಂಬಳ ಇದೆಯೇ? ಎಲ್ಲಿ ಓದುವುದು?

ಬದಿಯಡ್ಕ, ನೀರು ಮತ್ತು ನೈರ್ಮಲ್ಯ ವಿಭಾಗ

ಅಣ್ಣಾ, ಸಂಬಳ ಇದೆ. ಐಟಿ ಕಂಪನಿಯಷ್ಟು ಇಲ್ಲ, ಹೆಚ್ಚಿನ ಕೆಲಸಗಳು ಒಂದೆರಡು ವರ್ಷದ ಗುತ್ತಿಗೆ. ಮನೆ ನಡೆಯುತ್ತದೆ, ಆದರೆ ಸಾಲ ಮಾಡಿ ಬರುವ ಕ್ಷೇತ್ರವಲ್ಲ. ಓದುವುದಾದರೆ ಮುಂಬಯಿ ಐಐಟಿಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ಸಿಟಾರಾ ಎಂಬ ಕೇಂದ್ರ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲೇ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಕೇಂದ್ರ ಆರಂಭಿಸಿದ್ದರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ವಿಪತ್ತು ನಿರ್ವಹಣೆಗೆ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಕೋರ್ಸ್ ಇದೆ. ಪರಿಹಾರ ಕಾರ್ಯಕ್ಕೆ ಇಳಿಯುವವರಿಗೆ ರೆಡ್‌ಆರ್ ಇಂಡಿಯಾ ಸಣ್ಣ ಅವಧಿಯ ತರಬೇತಿ ಕೊಡುತ್ತದೆ. ಮೊದಲು ಎರಡು ವರ್ಷ ಸಾಮಾನ್ಯ ನೀರಾವರಿಯೋ ಕಟ್ಟಡವೋ ಕೆಲಸ ಮಾಡಿ ಕೈ ಪಳಗಿಸಿಕೊಂಡು ಬಂದರೆ ಒಳ್ಳೆಯದು. ಜಾಯಿಂಟು ಹಾಕಲು ಬಾರದ ಎಂಜಿನಿಯರ್‌ಗೆ ನಿರಾಶ್ರಿತರ ಶಿಬಿರ ತರಬೇತಿ ಶಾಲೆಯಾಗಬಾರದು.

ಪೆರ್ಲದ ವಿದ್ಯಾರ್ಥಿನಿ, ಮೂರು ವಾರಗಳ ನಂತರ

ಎಲ್ಲರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಟೇಪು ಹಿಡಿದು ನೆರೆಮನೆಗೆ ಹೋದೆ. ಗಾಲಿಕುರ್ಚಿಗೆ ದೊಡ್ಡ ಚಕ್ರ ಹಾಕಿಸಿ, ಮೆಟ್ಟಿಲಿನ ಬದಿಗೆ ಇಳಿಜಾರು ಕಟ್ಟುವ ಚಿತ್ರವನ್ನೂ ಬರೆದುಕೊಂಡಿದ್ದೆ. ಎರಡು ಭೇಟಿಯಲ್ಲಿ ಹುಡುಗನ ಅಮ್ಮ ಹೂಂ ಹೂಂ ಎಂದರು, ಚಹಾ ಕೊಟ್ಟರು. ಮುಳ್ಳೇರಿಯದ ಅಕ್ಕ ಹೇಳಿದ ಹಾಗೆ, ಮೂರನೇ ಸಲ ಹೋದಾಗ ನಾನೂ ಪಕ್ಕದಲ್ಲಿ ಕುಳಿತು ಅಡಿಕೆ ಸುಲಿದೆ. ಆಗ ತುಳುವಿನಲ್ಲಿ ಅವರೇ ಹೇಳಿದರು: ರಸ್ತೆಗೆ ಹೋಗಿ ಏನು ಮಾಡುವುದು ಮಗಳೇ, ಅವನ ಸ್ನಾನಕ್ಕೆ ಏನಾದರೂ ಮಾಡು.

ದಿನವೂ ಮಂಚದಿಂದ ಬಚ್ಚಲಿಗೆ ಅವರು ಅವನನ್ನು ಹೊತ್ತು ಹೋಗುತ್ತಾರೆ. ಅವನ ತೂಕ 38 ಕಿಲೊ. ಬಚ್ಚಲ ಬಾಗಿಲು 24 ಅಂಗುಲ, ಗಾಲಿಕುರ್ಚಿ 25. ನೆಲದ ಮೇಲೆ ಮಲಗಿಸಿ, ಬಾಗಿ ಸ್ನಾನ ಮಾಡಿಸಿ, ಒದ್ದೆ ಮೈಯವನನ್ನು ಮತ್ತೆ ನೆಲದಿಂದ ಎತ್ತಬೇಕು. ಕಳೆದ ಮಳೆಗಾಲದಲ್ಲಿ ಇಬ್ಬರೂ ಜಾರಿ ಬಿದ್ದಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ನಾನೂ ಇಷ್ಟು ವರ್ಷ ಮೆಟ್ಟಿಲನ್ನೇ ಎಣಿಸುತ್ತಿದ್ದೆ.

ವೆಲ್ಡಿಂಗ್ ಅಂಗಡಿಯ ಅಣ್ಣನ ಸಹಾಯದಿಂದ 20 ಅಂಗುಲ ಅಗಲದ ಒಂದು ಸ್ನಾನದ ಆಸನ ಮಾಡಿಸುತ್ತಿದ್ದೇವೆ, ಜಿಐ ಪೈಪಿನಲ್ಲಿ, ಕೆಳಗೆ ನಾಲ್ಕು ಚಕ್ರ. ಮಂಚದ ಎತ್ತರ 17 ಅಂಗುಲವೆಂದು ಆಸನವನ್ನೂ 17ಕ್ಕೆ ಇಟ್ಟಿದ್ದೆ. ಅಮ್ಮ ಮಣೆಯ ಮೇಲೆ ಕುಳಿತು ತೋರಿಸಿದರು: ಅಷ್ಟು ಎತ್ತರವಾದರೆ ಅವನ ತಲೆಗೆ ಕೈ ಎಟುಕುವುದಿಲ್ಲ. ಅವರು ಕೂರುವ ಮಣೆಯನ್ನೇ ನಾಲ್ಕು ಅಂಗುಲ ಎತ್ತರಿಸಿದೆವು. ಆಸನದ ಒಂದು ಬದಿಯ ಕೈಯನ್ನು ತೆಗೆದುಬಿಡಿ, ಮಂಚದಿಂದ ಎತ್ತದೆ ಜಾರಿಸಿಕೊಳ್ಳುತ್ತೇನೆ ಎಂದದ್ದೂ ಅವರೇ. ಈಗ ಒಂದೇ ಪ್ರಶ್ನೆ ಉಳಿದಿದೆ: ಆಸನಕ್ಕೆ ಏನು ಹಾಕಲಿ? ಫೈಬರ್ ಹಲಗೆ ಮೈಗೆ ಗಟ್ಟಿ, ಬಟ್ಟೆ ಕೊಳೆಯುತ್ತದೆ.

ಬದಿಯಡ್ಕ, ನೀರು ಮತ್ತು ನೈರ್ಮಲ್ಯ ವಿಭಾಗ

ಮಡಿಸುವ ಮಂಚಕ್ಕೆ ಹೆಣೆಯುವ ನೈಲಾನ್ ಪಟ್ಟಿ ಹಾಕು. ನೀರು ನಿಲ್ಲುವುದಿಲ್ಲ, ಕೊಳೆಯುವುದಿಲ್ಲ, ಪೇಟೆಯಲ್ಲಿ ಸಿಗುತ್ತದೆ. ಚಕ್ರಗಳಿಗೆ ಬ್ರೇಕ್ ಇರುವಂಥದ್ದನ್ನೇ ತೆಗೆದುಕೊ, ಬಚ್ಚಲಿನ ನೆಲಕ್ಕೆ ಇಳಿಜಾರು ಇರುತ್ತದೆ.

ಮುಳ್ಳೇರಿಯ, ಪಾಲಿಯೇಟಿವ್ ಸ್ವಯಂಸೇವಕಿ

ಪಟ್ಟಿಯ ಅಂಚು ತೊಡೆಗೆ ಒತ್ತುವ ಜಾಗವನ್ನು ಮೊದಲ ವಾರ ದಿನವೂ ನೋಡಬೇಕು. ಕೆಂಪು ಕಲೆ ಅರ್ಧ ಗಂಟೆಯಲ್ಲಿ ಹೋಗದಿದ್ದರೆ ಕೂರಿಸಬೇಡಿ, ನನಗೆ ತಿಳಿಸು. ಶನಿವಾರ ನಾನು ಆ ಕಡೆ ಬರುತ್ತೇನೆ.

ಪೆರ್ಲದ ವಿದ್ಯಾರ್ಥಿನಿ

ಪಟ್ಟಿ ತಂದೆ ಅಕ್ಕ, ಹದಿನೆಂಟು ಮೀಟರ್. ಭಾನುವಾರ ಹೆಣೆಯುತ್ತೇವೆ. ಅಮ್ಮನಿಗೆ ಹಿಂದೆ ಮಂಚ ಹೆಣೆದು ಅಭ್ಯಾಸವಿದೆಯಂತೆ. ಸಡಿಲವಾದರೆ ತಾನೇ ಬಿಗಿ ಮಾಡಿಕೊಳ್ಳುತ್ತೇನೆ, ಅದಕ್ಕಾಗಿ ನೀನು ಕಾಲೇಜು ಬಿಟ್ಟು ಬರಬೇಡ ಎಂದರು.